ಜಾನ್ ಮೋಸೆಸ್ ಬ್ರೌನಿಂಗ್

ಜಾನ್ ಮೋಸೆಸ್ ಬ್ರೌನಿಂಗ್ (ಜನವರಿ 23, 1855 – ನವೆಂಬರ್ 26, 1926) ಅಮೆರಿಕದ ಪ್ರಸಿದ್ಧ ಬಂದೂಕು ವಿನ್ಯಾಸಕರು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸೇನೆಯು ಬಳಸಿದ ಪಿಸ್ತೂಲು, ಸ್ವಯಂಚಾಲಿತ ರೈಫಲ್ ಹಾಗೂ ಮೆಷಿನ್ ಗನ್‌ಗಳಲ್ಲಿ ಪ್ರಮುಖವಾದ ಹಲವು ಇವರ ರಚನೆಗಳು. ಇವರು ಪಡೆದ ಪೇಟೆಂಟುಗಳ ಸಂಖ್ಯೆ 128.

ಬಾಲ್ಯ ಮತ್ತು ಆರಂಭದ ದಿನಗಳು

ಬ್ರೌನಿಂಗ್ ಯೂಟಾ ಪ್ರಾಂತ್ಯದ ಆಗ್ಡನ್ ಪಟ್ಟಣದಲ್ಲಿ ಜನಿಸಿದರು. ತಂದೆ ಜೊನಾಥನ್ ಬ್ರೌನಿಂಗ್ ಕೋವಿ ತಯಾರಿಸುವ ಕುಶಲಕರ್ಮಿ. ಮಾರ್ಮನ್ ಪಂಥದವರೊಡನೆ ವಲಸೆ ಬಂದು ಅಲ್ಲಿ ನೆಲೆಸಿದವರು. ತಂದೆಯ ಕಮ್ಮಟವೇ ಮಗನಿಗೆ ಪಾಠಶಾಲೆಯಾಯಿತು. ಹದಿಹರೆಯಕ್ಕೆ ಕಾಲಿಡುವ ವೇಳೆಗೆ ಅಲ್ಲಿದ್ದ ಬಿಡಿಭಾಗಗಳಿಂದಲೇ ಅವರು ಒಂದು ಕೋವಿಯನ್ನು ಜೋಡಿಸಿದ್ದರು. 1879ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಒಂಟಿ ಗುಂಡಿನ ರೈಫಲ್ಲಿಗೆ ಬ್ರೌನಿಂಗ್ ತಮ್ಮ ಮೊದಲ ಪೇಟೆಂಟನ್ನು ಪಡೆದು, ಸೋದರರೊಡನೆ ಅದರ ತಯಾರಿಕೆಗೆ ತೊಡಗಿದರು.

ವಿಂಚೆಸ್ಟರ್ ಸಂಸ್ಥೆಯೊಡನೆ ಸಂಬಂಧ

1883ರಲ್ಲಿ ವಿಂಚೆಸ್ಟರ್ ಸಂಸ್ಥೆಯು ಆ ರೈಫಲ್ಲಿನ ಹಕ್ಕನ್ನು 8,000 ಡಾಲರಿಗೆ ಕೊಂಡಿತು. ಮುಂದಿನ ಸುಮಾರು 19 ವರ್ಷ ಬ್ರೌನಿಂಗ್ ತಮ್ಮ ವಿನ್ಯಾಸಗಳನ್ನು ಒಂದೊಂದೇ ಮೊತ್ತಕ್ಕೆ ಅದಕ್ಕೆ ಮಾರುತ್ತ ಬಂದರು. ತಮ್ಮ ಸ್ವಯಂಚಾಲಿತ ಶಾಟ್‌ಗನ್ನಿಗೆ ಅವರು ರಾಯಧನ ಕೇಳಿದಾಗ ಸಂಸ್ಥೆ ಒಪ್ಪಲಿಲ್ಲ. 1902ರಲ್ಲಿ ಸಂಬಂಧ ಮುರಿಯಿತು. ಬಳಿಕ ಅವರು ಬೆಲ್ಜಿಯಮ್ಮಿನ ಎಫ್.ಎನ್. ಸಂಸ್ಥೆಯಲ್ಲಿ ಆ ಬಂದೂಕನ್ನು ತಯಾರಿಸಲು ಒಪ್ಪಂದ ಮಾಡಿಕೊಂಡರು.

ಸ್ವಯಂಚಾಲಿತ ಆಯುಧಗಳು

ಗುಂಡು ಹಾರಿದಾಗ ನಳಿಗೆಯ ಬಾಯಿಂದ ನುಗ್ಗುವ ಅನಿಲವು ಎದುರಿನ ಹುಲ್ಲನ್ನು ಬಾಗಿಸುವುದನ್ನು ಬ್ರೌನಿಂಗ್ 1889ರಲ್ಲಿ ಗಮನಿಸಿದರು. ವ್ಯರ್ಥವಾಗುತ್ತಿದ್ದ ಈ ಶಕ್ತಿಯಿಂದಲೇ ಖಾಲಿ ತೋಟೆಯನ್ನು ಹೊರದೂಡಿ ಹೊಸದನ್ನು ತುಂಬಿಸಬಹುದೆಂಬುದು ಅವರಿಗೆ ಹೊಳೆಯಿತು. ಅದರ ಫಲವಾಗಿ 1895ರ ಕೋಲ್ಟ್-ಬ್ರೌನಿಂಗ್ ಮೆಷಿನ್ ಗನ್ ರೂಪುಗೊಂಡಿತು.

ಪಿಸ್ತೂಲಿನಲ್ಲಿ ಅವರು ಹಿನ್ನೆಗೆತದ ಬಲವನ್ನು ಬಳಸಿಕೊಂಡರು. ಫಿಲಿಪ್ಪೀನ್ಸ್ ಯುದ್ಧದಲ್ಲಿ .38 ರಿವಾಲ್ವರಿನ ಗುಂಡು ಸಾಕಾಗದೆ ಹೋದುದರಿಂದ ಅಮೆರಿಕದ ಸೇನೆಯು .45 ವ್ಯಾಸದ ಪಿಸ್ತೂಲನ್ನು ಅರಸುತ್ತಿತ್ತು. 1911ರ ಮಾರ್ಚಿನಲ್ಲಿ ನಡೆದ ಪರೀಕ್ಷೆಯಲ್ಲಿ ಬ್ರೌನಿಂಗರ ಪಿಸ್ತೂಲು 6,000 ಗುಂಡುಗಳನ್ನು ಒಂದು ಬಾರಿಯೂ ಕೆಡದೆ ಹಾರಿಸಿತು. ಎಂ1911 ಎಂಬ ಹೆಸರಿನಲ್ಲಿ ಅಂಗೀಕೃತವಾದ ಅದು 1985ರವರೆಗೆ ಸೇನೆಯ ಅಧಿಕೃತ ಪಿಸ್ತೂಲಾಗಿ ಉಳಿಯಿತು.

ಮೊದಲನೆಯ ಮಹಾಯುದ್ಧ

1914ರ ಜೂನ್ 28ರಂದು ಸರಾಯೆವೊದಲ್ಲಿ ಆರ್ಚ್‌ಡ್ಯೂಕ್ ಫ್ರಾನ್ಜ್ ಫರ್ಡಿನಾಂಡ್ ಹತ್ಯೆಗೆ ಬಳಕೆಯಾದುದು ಎಫ್.ಎನ್. ತಯಾರಿಸಿದ, ಬ್ರೌನಿಂಗ್ ವಿನ್ಯಾಸದ 1910ರ ಮಾದರಿಯ ಪಿಸ್ತೂಲು. ಆ ಹತ್ಯೆಯಿಂದ ಹೊತ್ತಿಕೊಂಡ ಯುದ್ಧವು 1917ರಲ್ಲಿ ಅಮೆರಿಕವನ್ನೂ ಸೆಳೆದುಕೊಂಡಿತು. ಆಗ ಅಮೆರಿಕದ ಸೇನೆಯಲ್ಲಿ ಮೆಷಿನ್ ಗನ್‌ಗಳ ತೀವ್ರ ಕೊರತೆಯಿತ್ತು. ನೀರಿನಿಂದ ತಂಪಾಗುವ ಎಂ1917 ಮೆಷಿನ್ ಗನ್ ಮತ್ತು ಒಬ್ಬನೇ ಸೈನಿಕ ಹೊತ್ತೊಯ್ಯಬಲ್ಲ ಬಿ.ಎ.ಆರ್. ಸ್ವಯಂಚಾಲಿತ ರೈಫಲ್ ಆ ಕೊರತೆಯನ್ನು ನೀಗಲು ನೆರವಾದವು. ಸರ್ಕಾರ ಇವುಗಳ ಹಕ್ಕಿಗಾಗಿ ನೀಡಿದ 7,50,000 ಡಾಲರನ್ನು ಬ್ರೌನಿಂಗ್ ಚೌಕಾಸಿ ಮಾಡದೆ ಒಪ್ಪಿದರು. ರಾಯಧನದಿಂದ ಬರಬಹುದಾಗಿದ್ದ ಹಣ ಇದಕ್ಕಿಂತ ಬಹುಪಾಲು ಹೆಚ್ಚಿನದಾಗಿತ್ತು. ಅವರ ಮಗ ವ್ಯಾಲ್ ಬ್ರೌನಿಂಗ್ ಇದೇ ಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿದರು.

ನಿಧನ ಮತ್ತು ಪ್ರಭಾವ

1926ರ ನವೆಂಬರ್ 26ರಂದು ಬೆಲ್ಜಿಯಮ್ಮಿನ ಲೀಜ್ ನಗರದ ಬಳಿಯ ಎಫ್.ಎನ್. ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ಬ್ರೌನಿಂಗ್ ಹೃದಯಾಘಾತದಿಂದ ನಿಧನರಾದರು. ಅವರು ಅಪೂರ್ಣವಾಗಿ ಬಿಟ್ಟುಹೋದ 9 ಮಿ.ಮೀ. ಪಿಸ್ತೂಲನ್ನು ಡ್ಯೂಡೊನೆ ಸೈವ್ ಪೂರ್ಣಗೊಳಿಸಿದರು. ಹೈ-ಪವರ್ ಎಂಬ ಹೆಸರಿನಲ್ಲಿ 1935ರಲ್ಲಿ ಬಳಕೆಗೆ ಬಂದ ಇದು ಹಲವು ದೇಶಗಳ ಸೇನೆಗಳನ್ನು ಸೇರಿತು. ಭಾರತದಲ್ಲಿಯೂ ಇಶಾಪುರದ ರೈಫಲ್ ಕಾರ್ಖಾನೆಯು ಇದೇ ವಿನ್ಯಾಸವನ್ನು ಆಧರಿಸಿದ ಪಿಸ್ತೂಲನ್ನು ಸೇನೆಗಾಗಿ ತಯಾರಿಸಿತು. ಬ್ರೌನಿಂಗರ .50 ವ್ಯಾಸದ ಮೆಷಿನ್ ಗನ್ ಅವರ ಮರಣಾನಂತರ ಸುಧಾರಣೆಗೊಂಡು ಎಂ2 ಎಂಬ ಹೆಸರು ಪಡೆಯಿತು. ಎರಡನೆಯ ಮಹಾಯುದ್ಧದಲ್ಲಿ ನೆಲ, ಜಲ, ಆಕಾಶಗಳಲ್ಲಿ ಬಳಕೆಯಾದ ಈ ಆಯುಧವು ಇಂದಿಗೂ ಅಮೆರಿಕದ ಸೇನೆಯಲ್ಲಿದೆ.