ಮಿನಾರದ ಬಾಗಿಲು ಮುಚ್ಚಿಕೊಂಡ ಇಮಾಮರು

ಇಮಾಮ್ ಗಝ್ಝಾಲಿ(ರ)ಯವರ ಹೆಸರನ್ನು ನೀವು ಮದ್ರಸದಲ್ಲಿಯೋ ಜುಮಾ ಪ್ರವಚನದಲ್ಲಿಯೋ ಕೇಳಿಯೇ ಇರುತ್ತೀರಿ. ಇಹ್ಯಾ ಉಲೂಮಿದ್ದೀನ್ ಎಂಬ ಬೃಹತ್ ಗ್ರಂಥವನ್ನು ರಚಿಸಿದವರು ಅವರೇ ಎಂಬುದೂ ನಿಮಗೆ ಗೊತ್ತಿರಬಹುದು. ಆದರೆ ಕೀರ್ತಿಯ ಶಿಖರದಲ್ಲಿದ್ದಾಗಲೇ ಅವರ ನಾಲಿಗೆ ಕಟ್ಟಿಹೋಯಿತು, ಎಲ್ಲವನ್ನೂ ಬಿಟ್ಟು ಅವರು ಹತ್ತು ವರ್ಷಗಳಷ್ಟು ಕಾಲ ಏಕಾಂತವನ್ನು ಅರಸಿ ಹೋದರು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ? ನೆಂಟರು ಬಂದಾಗ ಎದ್ದು ಒಳಗೆ ಹೋಗುವ ಮಗನನ್ನು ಅಹಂಕಾರಿ ಎಂದು ಗದರಿಸುವ ಮೊದಲು, ಸೊಸೆ ಸ್ವಲ್ಪ ಹೊತ್ತು ಒಬ್ಬಳೇ ಕುಳಿತಳೆಂದು ಮುಖ ಸಿಂಡರಿಸುವ ಮೊದಲು, ಇಮಾಮರ ಬದುಕಿನ ಈ ಭಾಗವನ್ನು ನೀವು ಓದಬೇಕು.

ಅವರು ಹುಟ್ಟಿದ್ದು 1058ರಲ್ಲಿ, ಖುರಾಸಾನಿನ ತೂಸ್ ಎಂಬಲ್ಲಿ. ಇಂದು ಅದು ಇರಾನಿಗೆ ಸೇರಿದೆ. ತಂದೆ ಬಡವರು. ಮರಣಕ್ಕೆ ಮುಂಚೆ ಅವರು ತಮ್ಮ ಇಬ್ಬರು ಮಕ್ಕಳನ್ನು, ಮುಹಮ್ಮದ್ ಮತ್ತು ಅಹ್ಮದರನ್ನು, ಸೂಫಿ ಮಿತ್ರರೊಬ್ಬರಿಗೆ ಒಪ್ಪಿಸಿದ್ದರು. ಬಿಟ್ಟುಹೋದ ಹಣ ಮುಗಿದಾಗ ಆ ಮಿತ್ರರು ಮಕ್ಕಳನ್ನು ಊಟ ವಸತಿ ದೊರೆಯುವ ಮದ್ರಸಕ್ಕೆ ಸೇರಿಸಿದರು. ಅಣ್ಣ ಮುಹಮ್ಮದ್ ಮುಂದೆ ನಿಶಾಪುರಕ್ಕೆ ಹೋಗಿ ಇಮಾಮುಲ್ ಹರಮೈನ್ ಜುವೈನಿ(ರ)ಯವರ ಶಿಷ್ಯರಾದರು.

ಇಲ್ಲಿ ಅವರ ಸ್ವಭಾವವನ್ನು ಸ್ವಲ್ಪ ನೋಡಿ. ಅವರು ಮೂಲೆಯಲ್ಲಿ ಕುಳಿತು ತಸ್ಬೀಹ್ ಎಣಿಸುವ ಜಾತಿಯವರಾಗಿರಲಿಲ್ಲ. ವಾದಕ್ಕೆ ನಿಂತರೆ ಎದುರಾಳಿಯನ್ನು ಸೋಲಿಸದೆ ಬಿಡುತ್ತಿರಲಿಲ್ಲ. ಅವರನ್ನು ಹತ್ತಿರದಿಂದ ಬಲ್ಲ ನಿಶಾಪುರದ ಅಬ್ದುಲ್ ಗಾಫಿರ್ ಫಾರಿಸಿಯವರು, ಯೌವನದಲ್ಲಿ ಅವರಿಗೆ ತಮ್ಮ ಬುದ್ಧಿ ಮತ್ತು ಮಾತಿನ ಬಗ್ಗೆ ಗರ್ವವಿತ್ತು, ಇತರರನ್ನು ಕೀಳಾಗಿ ಕಾಣುತ್ತಿದ್ದರು ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮಹಾತ್ಮರ ಜೀವನವನ್ನು ಹೀಗೆ ನೇರವಾಗಿ ದಾಖಲಿಸುವ ಧೈರ್ಯ ನಮ್ಮ ಪೂರ್ವಿಕರಿಗಿತ್ತು!

ಸಲ್ಜೂಕ್ ಸಾಮ್ರಾಜ್ಯದ ವಝೀರ್ ನಿಝಾಮುಲ್ ಮುಲ್ಕ್ 1091ರಲ್ಲಿ ಅವರನ್ನು ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಪ್ರಾಧ್ಯಾಪಕರನ್ನಾಗಿ ನೇಮಿಸಿದರು. ಆಗ ಅವರ ವಯಸ್ಸು ಕೇವಲ 33. ಮುನ್ನೂರು ವಿದ್ಯಾರ್ಥಿಗಳು ಪಾಠ ಕೇಳುತ್ತಿದ್ದರು. ಅಧಿಕಾರದಲ್ಲಿದ್ದವರೇ ಅವರ ಬಳಿ ಸಲಹೆಗಾಗಿ ಬರುತ್ತಿದ್ದರು. ಒಬ್ಬ ವಿದ್ವಾಂಸನಿಗೆ ಇನ್ನೇನು ಬೇಕು?

ಆದರೆ ಇಮಾಮರಿಗೆ ಒಳಗೊಳಗೇ ಒಂದು ಪ್ರಶ್ನೆ ಕೊರೆಯತೊಡಗಿತು. ನಾನು ಪಾಠ ಹೇಳುವುದು ಅಲ್ಲಾಹನ ಸಂಪ್ರೀತಿಗಾಗಿಯೋ, ಹೆಸರಿಗಾಗಿಯೋ? ಅಲ್‌ಮುನ್ಕಿದ್ ಮಿನದ್ದಲಾಲ್ ಎಂಬ ಕೃತಿಯಲ್ಲಿ ಅವರೇ ಈ ತೊಳಲಾಟವನ್ನು ವಿವರಿಸಿದ್ದಾರೆ. ಹಿಜರಿ 488ರ ರಜಬ್ ತಿಂಗಳಿನಿಂದ, ಅಂದರೆ 1095ರ ಮಧ್ಯಭಾಗದಿಂದ ಸುಮಾರು ಆರು ತಿಂಗಳು ಅವರು ಹೋಗಲೋ ಇರಲೋ ಎಂದು ಒದ್ದಾಡಿದರು. ಬೆಳಿಗ್ಗೆ ಮಾಡಿದ ನಿರ್ಧಾರ ಸಂಜೆಗೆ ಮುರಿದು ಬೀಳುತ್ತಿತ್ತು. ಕೊನೆಗೆ ಒಂದು ದಿನ ಪಾಠಕ್ಕೆ ಕುಳಿತವರಿಗೆ ಮಾತೇ ಹೊರಡಲಿಲ್ಲ. ಗುಟುಕು ನೀರು ಗಂಟಲಿನಿಂದ ಇಳಿಯದು, ತುತ್ತು ಅನ್ನ ಜೀರ್ಣವಾಗದು. ವೈದ್ಯರು ಪರೀಕ್ಷಿಸಿ, ರೋಗ ದೇಹದ್ದಲ್ಲ ಮನಸ್ಸಿನದ್ದು, ಒಳಗಿನ ಚಿಂತೆ ನೀಗದೆ ಮದ್ದು ನಾಟದು ಎಂದು ಕೈಬಿಟ್ಟರು.

ಇದಕ್ಕೆ ಮೂರು ವರ್ಷಗಳ ಹಿಂದೆ, 1092ರಲ್ಲಿ, ನಿಝಾಮುಲ್ ಮುಲ್ಕರ ಕೊಲೆಯಾಗಿತ್ತು. ಇಮಾಮರು ಬಗ್ದಾದ್ ಬಿಟ್ಟದ್ದು ಜೀವಭಯದಿಂದ ಎನ್ನುವ ಇತಿಹಾಸಕಾರರೂ ಇದ್ದಾರೆ. ಭಯವೇ ಕಾರಣವಾಗಿದ್ದರೆ ಅವರು ಹುದ್ದೆಯನ್ನಷ್ಟೇ ಬಿಡುತ್ತಿದ್ದರು. ಅವರಾದರೋ ಕುಟುಂಬದ ಖರ್ಚಿಗೆ ಬೇಕಾದಷ್ಟನ್ನು ಇಟ್ಟು, ಉಳಿದ ಸಂಪತ್ತನ್ನು ಹಂಚಿಬಿಟ್ಟರು. ನಿಝಾಮಿಯಾದಲ್ಲಿ ತಮ್ಮ ಅಹ್ಮದರನ್ನು ಕೂರಿಸಿ, ಮಕ್ಕಾಕ್ಕೆ ಹೊರಟಂತೆ ತೋರಿಸಿಕೊಂಡು, ಅವರು ಶಾಮ್ ದೇಶದ ದಾರಿ ಹಿಡಿದರು.

ದಮಾಸ್ಕಸ್ಸಿನ ಉಮವಿ ಮಸೀದಿಯ ಮಿನಾರಕ್ಕೆ ಏರಿ, ಬಾಗಿಲು ಮುಚ್ಚಿಕೊಂಡು ಅವರು ದಿನವಿಡೀ ಒಬ್ಬರೇ ಇರುತ್ತಿದ್ದರು. ಬಳಿಕ ಬೈತುಲ್ ಮಖ್ದಿಸ್‌ಗೆ ಹೋಗಿ ಕುಬ್ಬತುಸ್ಸಖ್ರಾದಲ್ಲಿಯೂ ಹಾಗೆಯೇ ಬಾಗಿಲು ಹಾಕಿಕೊಂಡರು. ಹೆಬ್ರಾನಿನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಬಳಿ ಮೂರು ಪ್ರತಿಜ್ಞೆಗಳನ್ನು ಮಾಡಿದರು: ಅರಸರ ಬಾಗಿಲಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ಸಭೆಗಳಲ್ಲಿ ವಾದಕ್ಕಿಳಿಯುವುದಿಲ್ಲ. ಇವು ಮೂರೂ ಅವರ ದೌರ್ಬಲ್ಯದ ಸ್ಥಾನಗಳೇ. ತನ್ನ ಕಾಲು ಎಲ್ಲಿ ಜಾರುತ್ತದೆಂದು ಅರಿತವನು ಮಾತ್ರ ಇಂತಹ ಪ್ರತಿಜ್ಞೆ ಮಾಡಬಲ್ಲ.

ಹಜ್ಜ್ ಮುಗಿಸಿದ ಮೇಲೆ ಅವರನ್ನು ಊರಿಗೆ ಎಳೆದು ತಂದದ್ದು ಮಕ್ಕಳ ಕರೆ. ಊರಿನಲ್ಲಿಯೂ ಅವರು ಏಕಾಂತವನ್ನು ಬಿಡಲಿಲ್ಲ. ಆದರೆ ಸಂಸಾರದ ಅಗತ್ಯಗಳು, ಜೀವನೋಪಾಯದ ಚಿಂತೆ ಅದನ್ನು ಮತ್ತೆ ಮತ್ತೆ ಕೆಡಿಸುತ್ತಿದ್ದವು ಎಂದು ಅವರೇ ಹೇಳಿಕೊಂಡಿದ್ದಾರೆ. ಮಕ್ಕಳೊಂದಿಗಿರುವ ತಾಯಂದಿರೇ, ಈ ಮಾತಿನ ಅರ್ಥ ನಿಮಗಿಂತ ಚೆನ್ನಾಗಿ ಇನ್ನಾರಿಗೆ ತಿಳಿದೀತು?

ಇಹ್ಯಾದ ನಲವತ್ತು ಭಾಗಗಳು ಈ ವರ್ಷಗಳ ಫಲ. ಅದರ ಹದಿನೈದನೆಯ ಭಾಗ ಸ್ನೇಹ ಸಹೋದರತೆಯ ಕುರಿತಾಗಿದೆ. ಅದರ ಬೆನ್ನಿಗೇ ಬರುವ ಹದಿನಾರನೆಯದು ಏಕಾಂತದ ಕುರಿತು. ಮಿನಾರದಲ್ಲಿ ಕುಳಿತು ಬಂದವರು ಏಕಾಂತವನ್ನೇ ಹೊಗಳಿಯಾರು ಎಂದು ನೀವು ನಿರೀಕ್ಷಿಸುತ್ತೀರಲ್ಲವೇ? ಅವರು ಹಾಗೆ ಮಾಡಲಿಲ್ಲ. ಒಂಟಿಯಾಗಿದ್ದರೆ ಆರಾಧನೆಗೆ ಬಿಡುವು ದೊರೆಯುತ್ತದೆ. ಪರದೂಷಣೆ, ತೋರಿಕೆ, ಜಗಳಗಳಿಂದ ಪಾರಾಗಬಹುದು. ಅವರಿವರ ಸಂಪತ್ತನ್ನು ಕಂಡು ಆಸೆ ಪಡುವುದೂ ತಪ್ಪುತ್ತದೆ. ಆದರೆ ಕಲಿಯುವುದು, ಕಲಿಸುವುದು, ರೋಗಿಗಳನ್ನು ಸಂದರ್ಶಿಸುವುದು, ಜನಾಝದಲ್ಲಿ ಪಾಲ್ಗೊಳ್ಳುವುದು ಇವೆಲ್ಲ ಕೈತಪ್ಪುತ್ತವೆ. ಜನರ ನಡುವೆ ತಾಳ್ಮೆ ಕಲಿಯುವ ಅವಕಾಶವೂ ಹೋಗುತ್ತದೆ. ಕೆಲವರು ಜನರಿಂದ ದೂರವಿರುವುದು ದೇವಭಯದಿಂದಲ್ಲ, ಗೌರವ ಸಿಗದೆಂಬ ಅಹಂಕಾರದಿಂದ ಎಂದೂ ಅವರು ಗುರುತಿಸುತ್ತಾರೆ. ಹೀಗೆ ಎರಡೂ ಕಡೆ ತೂಗಿದ ಮೇಲೆ ಅವರು ಎಲ್ಲರಿಗೂ ಅನ್ವಯಿಸುವ ಒಂದೇ ತೀರ್ಪು ಕೊಡಲು ನಿರಾಕರಿಸುತ್ತಾರೆ. ವ್ಯಕ್ತಿ ಯಾರು, ಅವನ ಸ್ಥಿತಿ ಏನು, ಅವನ ಸಂಗಾತಿಗಳು ಎಂಥವರು, ಅವನಿಗೆ ಏಕಾಂತ ಬೇಕಾಗಿರುವುದು ಏತಕ್ಕೆ ಎಂಬುದನ್ನು ನೋಡಬೇಕೆನ್ನುತ್ತಾರೆ. ಮನುಷ್ಯ ಸ್ವಭಾವಗಳನ್ನು ವಿಂಗಡಿಸುವ ಇಂದಿನ ಮನಃಶಾಸ್ತ್ರದ ಪುಸ್ತಕಗಳು ಹುಟ್ಟುವ ಶತಮಾನಗಳ ಮೊದಲೇ ಬಂದ ಮಾತಿದು. ಆ ಪುಸ್ತಕಗಳು ಹೆಚ್ಚಾಗಿ ನೀವು ಯಾವ ಬಗೆಯವರು ಎಂದು ಕೇಳುತ್ತವೆ, ಇಮಾಮರು ನಿಮ್ಮ ಉದ್ದೇಶವನ್ನೂ ಕೇಳುತ್ತಾರೆ.

ಆ ಪ್ರಶ್ನೆ ಅವರಿಗೇ ಮತ್ತೊಮ್ಮೆ ಎದುರಾಯಿತು. ನಿಶಾಪುರದ ಮದ್ರಸದಲ್ಲಿ ಪಾಠ ಹೇಳಬೇಕೆಂದು 1106ರಲ್ಲಿ ನಿಝಾಮುಲ್ ಮುಲ್ಕರ ಮಗ ಫಖ್ರುಲ್ ಮುಲ್ಕ್ ಒತ್ತಾಯಿಸಿದರು. ಆಗ ಇಮಾಮರು ತಮ್ಮನ್ನೇ ಪರೀಕ್ಷಿಸಿಕೊಂಡರು. ಒಂದು ಕಾಲದಲ್ಲಿ ಔಷಧಿಯಾಗಿದ್ದ ಏಕಾಂತ ಈಗ ಆಲಸ್ಯಕ್ಕೂ ವಿಶ್ರಾಂತಿಗೂ ನೆಪವಾಗಬಾರದು, ಜನರ ಕಿರುಕುಳದಿಂದ ತಪ್ಪಿಸಿಕೊಳ್ಳುವ ಉಪಾಯವಾಗಬಾರದು ಎಂದು ಅವರಿಗೆ ಅನಿಸಿತು. ಬಾಗಿಲು ಮುಚ್ಚುವುದಕ್ಕಿಂತ ಅದನ್ನು ತೆರೆಯುವುದು ಅವರಿಗೆ ಹೆಚ್ಚು ಕಷ್ಟವಾಗಿರಬೇಕು. ಆದರೂ ಹೊರಟರು.

ಅಬ್ದುಲ್ ಗಾಫಿರರು ನಿಶಾಪುರದಲ್ಲಿ ಅವರನ್ನು ಮತ್ತೆ ಕಂಡರು. ಆ ವಿನಯವೆಲ್ಲ ನಟನೆಯೇ ಇರಬೇಕೆಂದು ಮೊದಲು ಸಂಶಯಪಟ್ಟರು. ಹಲವು ಬಾರಿ ಭೇಟಿಯಾಗಿ ಪರೀಕ್ಷಿಸಿದ ಮೇಲೆ, ಈ ಮನುಷ್ಯ ನಿಜಕ್ಕೂ ಬದಲಾಗಿದ್ದಾರೆ ಎಂದು ಒಪ್ಪಿಕೊಂಡರು.

ಇಮಾಮರು ಕೊನೆಗೆ ತೂಸ್‌ಗೆ ಮರಳಿ, ಮನೆಯ ಪಕ್ಕದಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಮದ್ರಸವನ್ನೂ ಸೂಫಿಗಳಿಗಾಗಿ ಒಂದು ಖಾನ್‌ಕಾಹನ್ನೂ ಕಟ್ಟಿಸಿದರು. ದಿನದ ಸ್ವಲ್ಪ ಹೊತ್ತು ಕುರ್‌ಆನ್ ಪಾರಾಯಣ, ಸ್ವಲ್ಪ ಹೊತ್ತು ಸಜ್ಜನರ ಸಂಗ, ಸ್ವಲ್ಪ ಹೊತ್ತು ಪಾಠ. ಅವರು ನಿಧನರಾದದ್ದು 1111ರ ಡಿಸೆಂಬರಿನಲ್ಲಿ. ಅಂದು ಮುಂಜಾನೆ ವುಝೂ ಮಾಡಿ ನಮಾಝ್ ನಿರ್ವಹಿಸಿ, ಕಫನ್ ತರಿಸಿ ಅದನ್ನು ಕಣ್ಣಿಗೊತ್ತಿಕೊಂಡು, ಕಿಬ್ಲಾದ ಕಡೆ ಕಾಲು ಚಾಚಿ ಮಲಗಿದರೆಂದು ತಮ್ಮ ಅಹ್ಮದ್ ತಿಳಿಸಿದ್ದಾರೆ. ಬೆಳಕು ಹರಿಯುವ ಮೊದಲೇ ಅವರು ಇಹಲೋಕ ತ್ಯಜಿಸಿದ್ದರು.