ಬಿಯರ್ ಯೀಸ್ಟ್‌ಗೆ ಯಾರ ಹೆಸರು? ಹ್ಯಾನ್ಸೆನ್ ಎಂಬ ಪೇಂಟರ್‌ನ ಕತೆ

ಕೋಪನ್‌ಹೇಗನ್‌ನಲ್ಲಿ ಓದುವಾಗ ನಾನು ಮತ್ತು ರೂಮ್‌ಮೇಟ್ ಅಡುಗೆಮನೆಯಲ್ಲೇ 20 ಲೀಟರ್ ಬಿಯರ್ ಮಾಡ್ತಿದ್ವಿ. ಅಲ್ಲಿ ಸ್ವಂತಕ್ಕೆ ಮಾಡಿಕೊಳ್ಳಬಹುದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬರ್ತಾರೆ. ದುಡ್ಡು ಉಳಿಸೋಕೆ ಪಾತ್ರೆಯ ತಳದಲ್ಲಿ ಕೂತ ಯೀಸ್ಟನ್ನೇ ಎತ್ತಿಟ್ಟು, ಹಾಲಿಗೆ ಹೆಪ್ಪು ಹಾಕೋ ಹಾಗೆ, ಮುಂದಿನ ಸಲಕ್ಕೆ ಹಾಕ್ತಿದ್ವಿ. ಐದನೇ ಸಲ ಕೆಟ್ಟ ಕಹಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಅಷ್ಟೂ ಸಿಂಕ್‌ಗೆ ಹೋಯ್ತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕವರು ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್.

ಅವರು ಹುಟ್ಟಿದ್ದು 1842ರಲ್ಲಿ, ಡೆನ್ಮಾರ್ಕ್‌ನ ರೀಬೆ ಊರಿನ ಬಡ ಮನೆಯಲ್ಲಿ. ಗೋಡೆಗೆ ಬಣ್ಣ ಬಳಿಯುವ ಕೆಲಸ ಮಾಡಿದರು. ಓದಿನ ಖರ್ಚಿಗೆ ಕಾದಂಬರಿ ಬರೆದರು. ಡಾರ್ವಿನ್ ಬೀಗಲ್ ಹಡಗಿನಲ್ಲಿ ಮಾಡಿದ ಪ್ರವಾಸದ ಪುಸ್ತಕವನ್ನು ಗೆಳೆಯರೊಬ್ಬರ ಜೊತೆ ಡ್ಯಾನಿಶ್‌ಗೆ ತಂದರು. ಸಗಣಿಯ ಮೇಲೆ ಬೆಳೆಯುವ ಶಿಲೀಂಧ್ರಗಳ ಬಗ್ಗೆ ಬರೆದ ಪ್ರಬಂಧಕ್ಕೆ 1876ರಲ್ಲಿ ಚಿನ್ನದ ಪದಕ ಬಂತು. ಈ ಕಾಲದಲ್ಲಾಗಿದ್ದರೆ ಇವರ ಸಿವಿ ನೋಡಿ ಎಚ್‌ಆರ್‌ನವರು ಪಕ್ಕಕ್ಕೆ ಎತ್ತಿಡ್ತಿದ್ದರು.

ಕೊನೆಗೆ ಸೇರಿದ್ದು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯ. ಆಗ ಯುರೋಪಿನ ಬ್ರೂವರಿಗಳಲ್ಲಿ ಬಿಯರ್ ಇದ್ದಕ್ಕಿದ್ದಂತೆ ಕೆಡುತ್ತಿತ್ತು. ಅದಕ್ಕೆ ಬ್ಯಾಕ್ಟೀರಿಯಾ ಕಾರಣ ಅಂತ ಪಾಸ್ಚರ್ ತೋರಿಸಿದ್ದರು. ಹ್ಯಾನ್ಸೆನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯೀಸ್ಟ್ ಅಂತ ನಾವು ಹಾಕುವುದರಲ್ಲೇ ಹಲವು ಜಾತಿಗಳಿವೆ, ಗಾಳಿಯಿಂದ ಬಂದು ಸೇರುವ ಕಾಡು ಯೀಸ್ಟ್‌ಗಳೂ ಬಿಯರ್ ಕೆಡಿಸುತ್ತವೆ ಅಂದರು. ನಮ್ಮ ಐದನೇ ಬ್ಯಾಚ್‌ನಲ್ಲಿ ಬಹುಶಃ ಆಗಿದ್ದೂ ಅದೇ. ಎತ್ತಿಟ್ಟು ಹಾಕಿದಷ್ಟೂ ಸಲ ಒಳಗೆ ಸೇರಿಕೊಂಡ ಅತಿಥಿಯೂ ಬೆಳೀತಾನೆ.

ಅವರ ಉಪಾಯ ಹೇಳೋಕೆ ಸುಲಭ, ಮಾಡೋಕೆ ಕಷ್ಟ. ಒಂದು ಹನಿಯಲ್ಲಿ ಒಂದೇ ಜೀವಕೋಶ ಉಳಿಯುವಷ್ಟು ಯೀಸ್ಟನ್ನು ನೀರಾಗಿಸುವುದು. ಆ ಒಂದರಿಂದಲೇ, ಬೇರೇನೂ ಸೇರದ ಹಾಗೆ, ಮೊದಲು ಫ್ಲಾಸ್ಕ್‌ನಲ್ಲಿ, ಆಮೇಲೆ ದೊಡ್ಡ ಪಾತ್ರೆಗಳಲ್ಲಿ ಬೆಳೆಸುವುದು. 1883ರ ನವೆಂಬರ್‌ನಲ್ಲಿ ಹೀಗೆ ಬೆಳೆಸಿದ ಯೀಸ್ಟ್ ಕಾರ್ಲ್ಸ್‌ಬರ್ಗ್‌ನಲ್ಲಿ ಕೆಲಸ ಶುರು ಮಾಡಿತು. ಇವತ್ತು ಮನೆಯಲ್ಲಿ ಬಿಯರ್ ಮಾಡೋರು ಕತ್ತರಿಸಿ ಸುರಿಯುವ 11 ಗ್ರಾಂನ ಪ್ಯಾಕೆಟ್‌ನ ಹಿಂದೆ ಇರೋದೂ ಇದೇ ಕ್ರಮ.

ಮಾಲೀಕ ಜೆ.ಸಿ. ಜೇಕಬ್ಸನ್ ಇದನ್ನು ಪೇಟೆಂಟ್ ಮಾಡಲಿಲ್ಲ. ವಿಧಾನವನ್ನೂ ಯೀಸ್ಟನ್ನೂ ಬೇರೆ ಬ್ರೂವರಿಗಳಿಗೆ ಹಂಚಿದರು. ಪ್ರಯೋಗಾಲಯದ ನಿಯಮವೇ ಸಂಶೋಧನೆಯನ್ನು ಗುಟ್ಟಾಗಿ ಇಡಬಾರದು ಅಂತಿತ್ತು. ಜೇಕಬ್ಸನ್ ತಾವೇ 1845ರಲ್ಲಿ ಮ್ಯೂನಿಕ್‌ನಿಂದ ಯೀಸ್ಟ್ ತಂದು ವ್ಯಾಪಾರ ಕಟ್ಟಿದವರು, ಹಾಗಾಗಿ ಸಾಲ ತೀರಿಸಿದ್ದು ಅಂತಲೂ ನೋಡಬಹುದು. ಪಾಸ್ಚರ್ ಮಾತ್ರ ತಮ್ಮ ಬಿಯರ್ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಬೀಜ, ಔಷಧಿಗಳ ಪೇಟೆಂಟ್ ವಿರುದ್ಧ ಬೀದಿಗಿಳಿಯುವ ನಮಗೆ ಇದು ಖುಷಿ ಕೊಡುವ ಕತೆ. ಆದರೆ ನನಗೊಂದು ತಕರಾರಿದೆ. ಹಂಚಬೇಕೋ ಬೇಡವೋ ಅನ್ನೋ ತೀರ್ಮಾನ ಕಂಡುಹಿಡಿದವರ ಕೈಲಿ ಇರಲಿಲ್ಲ, ಸಂಬಳ ಕೊಡುವವರ ಕೈಲಿತ್ತು. ಆ ಮಾಲೀಕ ಬೇರೆಯವನಾಗಿದ್ದರೆ?

ಹ್ಯಾನ್ಸೆನ್ 1909ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ ಆ ಯೀಸ್ಟ್‌ಗೆ ಅವರೇ ಇಟ್ಟ ಹೆಸರು ಸ್ಯಾಕರೋಮೈಸಿಸ್ ಕಾರ್ಲ್ಸ್‌ಬರ್ಗೆನ್ಸಿಸ್. ಕಂಪನಿಯ ಹೆಸರು, ತಮ್ಮದಲ್ಲ. ಈಗ ವಿಜ್ಞಾನಿಗಳು ಅದನ್ನೂ ಬದಲಿಸಿ ಸ್ಯಾಕರೋಮೈಸಿಸ್ ಪಾಸ್ಟೋರಿಯಾನಸ್ ಅಂತಾರೆ. ಅಂದರೆ ಪಾಸ್ಚರ್ ಹೆಸರು.