ಸಂಗೀತಗುರು ಅಂತೋನಿಯೋ ವಿವಾಲ್ಡಿ

ದಿವ್ಯ ಬಲಿಪೂಜೆಯಲ್ಲಿ ಮಹಿಮಾಗೀತೆ ಆರಂಭವಾದೊಡನೆ ದೇವಾಲಯದಲ್ಲಿ ನೆರೆದವರೆಲ್ಲರ ಕಂಠ ಒಂದಾಗುತ್ತದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಭಕ್ತಾದಿಗಳಿಗೆ ಇದು ಚಿರಪರಿಚಿತ ಅನುಭವ. ಆ ಮಹಿಮಾಗೀತೆಗೆ ಅಮರವಾದ ರಾಗಸಂಯೋಜನೆಯನ್ನು ಕೊಟ್ಟವರಲ್ಲಿ ಒಬ್ಬರು ವೆನಿಸ್ ನಗರದ ಯಾಜಕ ಅಂತೋನಿಯೋ ವಿವಾಲ್ಡಿ. ಈ ಶತಮಾನೋತ್ಸವದ ಶುಭ ಸಂದರ್ಭದಲ್ಲಿ ಅವರನ್ನು ಸ್ಮರಿಸುವುದು ಉಚಿತವಾಗಿದೆ.

ವಿವಾಲ್ಡಿಯವರು 1678ರ ಮಾರ್ಚ್ 4ರಂದು ಜನಿಸಿದರು. ಹುಟ್ಟುವಾಗಲೇ ಪ್ರಾಣಾಪಾಯ ಒದಗಿದ್ದರಿಂದ ಸೂಲಗಿತ್ತಿಯೇ ಮನೆಯಲ್ಲಿ ಅವರಿಗೆ ಜ್ಞಾನಸ್ನಾನ ನೀಡಿದಳು. ಕ್ಷೌರಿಕ ವೃತ್ತಿಯಿಂದ ಬಂದ ತಂದೆ ಸಂತ ಮಾರ್ಕರ ಮಹಾದೇವಾಲಯದಲ್ಲಿ ಪಿಟೀಲು ನುಡಿಸುತ್ತಿದ್ದರು. ಮಗನಿಗೂ ಆ ವಿದ್ಯೆ ಒಲಿಯಿತು. 1703ರ ಮಾರ್ಚ್ ತಿಂಗಳಲ್ಲಿ ಅವರು ಗುರುಪಟ್ಟ ಪಡೆದರು. ತಲೆಗೂದಲು ಕೆಂಪಾಗಿದ್ದುದರಿಂದ ಜನರು ಅವರನ್ನು ಕೆಂಪು ಪಾದ್ರಿಯೆಂದು ಕರೆದರು. ಆದರೆ ಎದೆಯನ್ನು ಬಿಗಿಹಿಡಿಯುವ ವ್ಯಾಧಿ ಬೆಂಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಪೂಜಾರ್ಪಣೆಯನ್ನು ನಿಲ್ಲಿಸಬೇಕಾಯಿತು. ಯಾಜಕರೊಬ್ಬರಿಗೆ ಇದಕ್ಕಿಂತ ಮಿಗಿಲಾದ ನೋವು ಯಾವುದಿದ್ದೀತು?

ಅದೇ 1703ರ ಸೆಪ್ಟೆಂಬರಿನಲ್ಲಿ ಅವರು ಪಿಯೆತಾ ಎಂಬ ಅನಾಥಾಶ್ರಮದಲ್ಲಿ ಪಿಟೀಲು ಶಿಕ್ಷಕರಾದರು. 1346ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಯೊಬ್ಬರ ಕರುಣೆಯಿಂದ ಹುಟ್ಟಿದ ಆಶ್ರಮವದು. ಹೆತ್ತವರು ತೊರೆದ ಶಿಶುಗಳಿಗೆ ಅಲ್ಲಿ ಆಶ್ರಯ ದೊರೆಯುತ್ತಿತ್ತು. ಹೆಣ್ಣುಮಕ್ಕಳಲ್ಲಿ ಸ್ವರಜ್ಞಾನವುಳ್ಳವರನ್ನು ಆಯ್ದು ಗಾನವೃಂದಕ್ಕೆ ಸೇರಿಸುತ್ತಿದ್ದರು. ಕಬ್ಬಿಣದ ಜಾಲರಿಯ ಮರೆಯಲ್ಲಿ ನಿಂತು ಅವರು ಹಾಡುತ್ತಿದ್ದರು; ಕೇಳಲು ದೂರದೇಶಗಳ ಗಣ್ಯರು ಬರುತ್ತಿದ್ದರು. ಮನೆತನದ ಹೆಸರಿಲ್ಲದ ಆ ಹೆಣ್ಣುಮಕ್ಕಳು ತಮ್ಮ ವಾದ್ಯದ ಹೆಸರಿನಿಂದಲೇ ಪ್ರಸಿದ್ಧರಾದರು. ವಿವಾಲ್ಡಿಯವರ ಶಿಷ್ಯೆ ಅನ್ನಾ ಮರಿಯಾ ಪಿಟೀಲಿನ ಅನ್ನಾ ಮರಿಯಾ ಎಂದೇ ಯೂರೋಪಿನಲ್ಲಿ ಖ್ಯಾತಳಾದಳು. ಲೋಕವು ಕೈಬಿಟ್ಟ ಮಕ್ಕಳ ಕಂಠದಿಂದಲೇ ಲೋಕವು ದೇವಸ್ತುತಿಯನ್ನು ಕೇಳುವಂತಾಯಿತು.

ಆಶ್ರಮದ ಆಡಳಿತ ಮಂಡಳಿಯ ಒಲವು ಸದಾ ಒಂದೇ ತೆರನಾಗಿರಲಿಲ್ಲ. 1709ರಲ್ಲಿ ಮತ ಹಾಕಿ ಅವರನ್ನು ಕೈಬಿಟ್ಟ ಮಂಡಳಿ 1711ರಲ್ಲಿ ಮರಳಿ ಕರೆಯಿತು. 1713ರಲ್ಲಿ ಗಾನವೃಂದದ ಮುಖ್ಯಸ್ಥರು ಆಶ್ರಮವನ್ನು ಬಿಟ್ಟುಹೋದಾಗ ಆರಾಧನಾ ಸಂಗೀತದ ಹೊಣೆ ಇವರ ಮೇಲೆ ಬಿತ್ತು. ಪೂಜಾಗೀತೆಗಳು, ಸಂಧ್ಯಾಪ್ರಾರ್ಥನೆಯ ಕೀರ್ತನೆಗಳು ಹೊಳೆಯಂತೆ ಹರಿದುಬಂದವು. 1715ರಲ್ಲಿ ಮಂಡಳಿ 50 ದುಕಾತುಗಳ ವಿಶೇಷ ಸಂಭಾವನೆ ನೀಡಿತು. 1716ರಲ್ಲಿ ಯೂದಿತಳ ವಿಜಯವನ್ನು ವರ್ಣಿಸುವ ಲತೀನ್ ಗಾನರೂಪಕವನ್ನು ಆ ಹೆಣ್ಣುಮಕ್ಕಳೇ ಹಾಡಿದರು. 1725ರಲ್ಲಿ ಮುದ್ರಿತವಾದ ನಾಲ್ಕು ಋತುಗಳ ವಾದ್ಯಕೃತಿಗಳು ಇಂದಿಗೂ ಜನಪ್ರಿಯ. ಮಹಾವಾಗ್ಗೇಯಕಾರ ಬಾಖ್ ಇವರ ಕೃತಿಗಳನ್ನು ತಮ್ಮ ವಾದ್ಯಗಳಿಗೆ ಅಳವಡಿಸಿಕೊಂಡು ಅಭ್ಯಸಿಸಿದರು.

ಮುಪ್ಪಿನಲ್ಲಿ ಕಷ್ಟಗಳು ಮುತ್ತಿದವು. ಅವರು ಪೂಜೆ ಅರ್ಪಿಸುತ್ತಿಲ್ಲವೆಂಬ ಕಾರಣದಿಂದಲೂ ಗಾಯಕಿಯೊಬ್ಬಳೊಡನೆ ಇದ್ದ ಸ್ನೇಹದ ಕಾರಣದಿಂದಲೂ 1737ರಲ್ಲಿ ಫೆರಾರಾ ನಗರದ ಕಾರ್ಡಿನಲ್ ಅವರು ಇವರಿಗೆ ಪ್ರವೇಶ ನಿರಾಕರಿಸಿದರು. ವಿವಾಲ್ಡಿಯವರು ತಮ್ಮ ವ್ಯಾಧಿಯನ್ನು ವಿವರಿಸಿ, ತಾವು ನಿರ್ದೋಷಿಯೆಂದು ಪತ್ರಮುಖೇನ ನಿವೇದಿಸಿಕೊಂಡರು. ಆಶ್ರಯ ಅರಸಿ ವಿಯೆನ್ನಾಕ್ಕೆ ಹೋದ ಅವರು 1741ರ ಜುಲೈ 28ರಂದು ಬಡತನದಲ್ಲಿ ದೈವಾಧೀನರಾದರು. ಆಸ್ಪತ್ರೆಯೊಂದರ ಸ್ಮಶಾನದಲ್ಲಿ ಅವರನ್ನು ಸಾಮಾನ್ಯರಂತೆ ಮಣ್ಣುಮಾಡಲಾಯಿತು.

ಕಾಲಕ್ರಮೇಣ ಅವರ ಹೆಸರೂ ಮಾಸಿತು. 1926ರಲ್ಲಿ ಇಟಲಿಯ ಸಲೇಷಿಯನ್ ಗುರುಗಳ ವಿದ್ಯಾಲಯವೊಂದು ಕಟ್ಟಡದ ದುರಸ್ತಿಗೆ ಹಣವಿಲ್ಲದೆ ಹಳೆಯ ಹಸ್ತಪ್ರತಿಗಳನ್ನು ಮಾರಲು ಹೊರಟಿತು. ಪರೀಕ್ಷಿಸಿದಾಗ ಅವುಗಳಲ್ಲಿ ವಿವಾಲ್ಡಿಯವರ ಕೃತಿರಾಶಿಯೇ ಕಂಡುಬಂದಿತು. 1930ರಲ್ಲಿ ಉಳಿದರ್ಧವೂ ಅದನ್ನು ಸೇರಿತು. ಇಂದು ಅವು ಟ್ಯೂರಿನ್ ಗ್ರಂಥಾಲಯದಲ್ಲಿವೆ. 1939ರ ಸೆಪ್ಟೆಂಬರಿನಲ್ಲಿ ಸಿಯೆನಾ ನಗರದಲ್ಲಿ ಅವರ ಮಹಿಮಾಗೀತೆ ಮತ್ತೆ ಮೊಳಗಿತು. ಈಗ ಜಗತ್ತಿನಾದ್ಯಂತ ಗಾನವೃಂದಗಳು ಅದನ್ನು ಹಾಡುತ್ತಿವೆ.

ಬಲಿಪೀಠದ ಬಳಿ ನಿಲ್ಲಲು ದೇಹ ಸಹಕರಿಸದಿದ್ದ ಯಾಜಕರು ಸ್ವರಗಳನ್ನೇ ಕಾಣಿಕೆಯಾಗಿ ಅರ್ಪಿಸಿದರು. ದೇವರಿಗೆ ಸಲ್ಲಿಸಿದ ಕಾಣಿಕೆ ಮಣ್ಣುಪಾಲಾಗುವುದಿಲ್ಲ ಎಂಬುದಕ್ಕೆ ಈ ಬಾಳೇ ಸಾಕ್ಷಿ. ಭಾನುವಾರದ ಪೂಜೆಗೆ ಹಾಡು ಕಲಿಯುವ ನಮ್ಮ ಮಕ್ಕಳೂ ಇದನ್ನು ನೆನೆದು ಧೈರ್ಯದಿಂದ ದನಿಯೆತ್ತಲಿ.